ಗುಡ್ಡ ಹತ್ತಿದ ದಿನ

ನಮ್ಮ ಮಲೆನಾಡಿನ ಕಡೆ ಹೆಂಗಸರು ಗುಡ್ಡ ಹತ್ತುವುದು ಎರಡೇ ಕಾರಣಕ್ಕೆ. ಒಂದು ದರಗು, ಸೌದೆ ತರುವುದಕ್ಕೆ. ಇನ್ನೊಂದು ಹರಕೆ ತೀರಿಸುವುದಕ್ಕೆ. ಹೋಗುವಾಗ ಖಾಲಿ ಬುಟ್ಟಿ, ಬರುವಾಗ ತುಂಬಿದ ಬುಟ್ಟಿ. ಇಲ್ಲವೇ ಹೋಗುವಾಗ ಹಣ್ಣುಕಾಯಿ, ಬರುವಾಗ ಪ್ರಸಾದ. ಸುಮ್ಮನೆ, ಕೈಬೀಸಿಕೊಂಡು, ಹತ್ತಬೇಕು ಅನ್ನಿಸಿತು ಎನ್ನುವ ಒಂದೇ ಕಾರಣಕ್ಕೆ ಗುಡ್ಡ ಹತ್ತಿದ ಹೆಂಗಸನ್ನು ನಾನು ನನ್ನ ಅರವತ್ತಮೂರು ವರ್ಷಗಳಲ್ಲಿ ಕಂಡಿರಲಿಲ್ಲ. ಹಾಗಾಗಿ ಮಗಳು, "ನಾಳೆ ಗುಡ್ಡಕ್ಕೆ ಹೋಗೋಣ ಅಮ್ಮ" ಎಂದಾಗ ನನ್ನ ಬಾಯಿಂದ ಮೊದಲು ಬಂದ ಪ್ರಶ್ನೆ, "ಮೇಲೆ ಯಾವ ದೇವರಿದೆ?"

"ದೇವರಿಲ್ಲ, ನೀರಿದೆ" ಎಂದಳು.

ಊರು ಗ್ರಾನಾದಾ. ಸ್ಪೇನ್ ದೇಶದ ದಕ್ಷಿಣದಲ್ಲಿ, ಹಿಮದ ಬೆಟ್ಟಗಳ ಬುಡದಲ್ಲಿ, ಸುಮಾರು 700 ಮೀಟರ್ ಎತ್ತರದಲ್ಲಿರುವ ಹಳೆಯ ಊರು. ಅವರ ಭಾಷೆಯಲ್ಲಿ ಗ್ರಾನಾದಾ ಅಂದರೆ ದಾಳಿಂಬೆ. ಊರಿನ ಲಾಂಛನದಲ್ಲಿ ದಾಳಿಂಬೆ, ಬೀದಿಯ ಗಿಡ್ಡ ಕಂಬಗಳ ತಲೆಯ ಮೇಲೂ ದಾಳಿಂಬೆ. ಅಲ್ಲಿಯ ವಿಶ್ವವಿದ್ಯಾಲಯ 1531ರಲ್ಲಿ ಶುರುವಾದದ್ದಂತೆ. ನನ್ನ ಒಬ್ಬಳೇ ಮಗಳು ಅಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡಲು ಹೋಗಿ ಆರು ವರ್ಷ ಕಳೆದಿತ್ತು. "ನಮ್ಮೂರಲ್ಲಿ ಮಣ್ಣು ಇರಲಿಲ್ಲವೇ?" ಎಂದು ನೆಂಟರು ಕೇಳುತ್ತಾರೆ. ನಾನೂ ಬಹಿರಂಗವಾಗಿ ನಕ್ಕು, ಒಳಗೊಳಗೆ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಒಂದು ತಿಂಗಳು ಇದ್ದು ಬರಲು ಹೋದವಳು ನಾನು. ಪೆಟ್ಟಿಗೆಯಲ್ಲಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ. ಪರ್ಸಿನ ಒಳಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಪತ್ರಿಕೆಯ ತುಣುಕು. ಬೆಂಗಳೂರಿನ ಒಂದು ಸಂಸ್ಥೆಯವರು ಮಣ್ಣು ಓದಿದವರು ಬೇಕೆಂದು ಕೊಟ್ಟ ಜಾಹೀರಾತು. ಸಮಯ ನೋಡಿ ತೆಗೆಯಬೇಕೆಂದು ಇಟ್ಟುಕೊಂಡಿದ್ದೆ. ಸಮಯ ಬರುವ ಮುಂಚೆಯೇ ಅವಳು ತನ್ನ ಸುದ್ದಿ ತೆಗೆದಳು. ಊಟಕ್ಕೆ ಕೂತಾಗ, ತಿಳಿಸಾರು ಬಡಿಸುತ್ತ, "ಅಮ್ಮ, ನನ್ನ ಕೆಲಸವನ್ನು ಇನ್ನೂ ನಾಲ್ಕು ವರ್ಷಕ್ಕೆ ಮುಂದುವರಿಸಿದ್ದಾರೆ. ಸೋಮವಾರದೊಳಗೆ ಒಪ್ಪಿಗೆ ಬರೆದುಕೊಡಬೇಕು" ಎಂದಳು.

ನನಗೆ ಏನಾಯಿತೋ. "ಅಪ್ಪ ಹೋಗುವಾಗಲೂ ಬರಲಿಲ್ಲ. ನಾನು ಹೋಗುವಾಗಲೂ ಬರುವುದು ಬೇಡ ಬಿಡು" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಬರೆಸಿದವಳು ನಾನು. ಅವಳು ಉತ್ತರ ಕೊಡಲಿಲ್ಲ. ಎದ್ದು ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು. ಒಂದು ಗಂಟೆ ಬಿಟ್ಟು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ನಾಳೆ ರಜೆ, ಗುಡ್ಡಕ್ಕೆ ಹೋಗೋಣ ಎಂದಳು. ಬರುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ಮಾರನೆಯ ದಿನ ನವೆಂಬರ್ ಒಂದು. ನಮ್ಮಲ್ಲಿ ರಾಜ್ಯೋತ್ಸವ. ಅಲ್ಲಿ ಸಕಲ ಸಂತರ ಹಬ್ಬ. ಸತ್ತವರ ಸಮಾಧಿಗೆ ಹೂವಿಟ್ಟು ಬರುವ ದಿನ. ನನಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ಬೀದಿಗಿಳಿದರೆ ಎದುರಿಗೆ ಬಂದವರ ಕೈಯಲ್ಲೆಲ್ಲ ಸೇವಂತಿಗೆ! ಹಳದಿ, ಬಿಳಿ, ಕುಂಕುಮದ ಬಣ್ಣ. ಬಿಳಿಗೂದಲ ಅಜ್ಜಿಯರು ತೋಳ ತುಂಬ ಅಪ್ಪಿಕೊಂಡು ಹೋಗುತ್ತಿದ್ದರು. ಹಿಂದಿನ ರಾತ್ರಿಯದನ್ನೆಲ್ಲ ಮರೆತು, "ಪುಟ್ಟಿ, ನಾವೂ ಒಂದು ಗೊಂಚಲು ಕೊಳ್ಳೋಣ" ಎಂದೆ. ಅವಳು ಮೆಲ್ಲಗೆ, "ಅಮ್ಮ, ಇಲ್ಲಿ ಅದು ಸತ್ತವರ ಹೂ. ಮನೆಗೆ ತರುವುದಿಲ್ಲ" ಎಂದಳು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನಮ್ಮವರು ಹೋದ ಮೇಲೆ ನಾನು ಹೂ ಮುಡಿದಿಲ್ಲ. ಮುಡಿಯಬೇಡ ಎಂದು ಯಾರೂ ಹೇಳಲಿಲ್ಲ. ಮುಡಿ ಎಂದೂ ಯಾರೂ ಹೇಳಲಿಲ್ಲ.

ದಾರೋ ಎನ್ನುವ ಪುಟ್ಟ ಹೊಳೆಯ ಪಕ್ಕದ ಕಲ್ಲುಹಾಸಿನ ಬೀದಿಯಲ್ಲಿ ನಡೆದೆವು. ಬಲಗಡೆ ನೆತ್ತಿಯ ಮೇಲೆ ಅಲ್ಹಂಬ್ರದ ಕೆಂಪು ಗೋಡೆ. ಹೊಳೆ ಅಗಲವಾಗುವಲ್ಲಿ ಒಂದು ಉದ್ದನೆಯ ಬಯಲು; ಅದಕ್ಕೆ ದುಃಖಿತರ ದಾರಿ ಎಂದು ಹೆಸರು. ಹಿಂದೆ ಹೆಣ ಹೊತ್ತವರು ಇದೇ ದಾರಿಯಲ್ಲಿ ಬಂದು, ಗುಡ್ಡದ ಮೇಲಿನ ಸ್ಮಶಾನಕ್ಕೆ ಏರು ಹತ್ತುತ್ತಿದ್ದರಂತೆ. ನಾವು ಹತ್ತಬೇಕಾಗಿದ್ದೂ ಅದೇ ಏರು. ಅದಕ್ಕೆ ಎರಡು ಹೆಸರು. ಒಂದು ಬೆಣಚುಕಲ್ಲುಗಳ ಏರು, ಇನ್ನೊಂದು ಕಿರಿಯ ರಾಜನ ಏರು. ಗ್ರಾನಾದಾವನ್ನು ಆಳಿದ ಕೊನೆಯ ಮುಸ್ಲಿಂ ದೊರೆ ಬೊಆಬ್ದಿಲ್‌ನನ್ನು ಜನ 'ಕಿರಿಯ ರಾಜ' ಎಂದು ಕರೆಯುತ್ತಿದ್ದರು.

ನನ್ನ ವೇಷವನ್ನು ನೀವು ನೋಡಬೇಕಿತ್ತು. ಚೂಡಿದಾರದ ಕೆಳಗೆ ಮಗಳ ಬೂಟು, ಅದು ದೊಡ್ಡದಾಯಿತೆಂದು ಎರಡೆರಡು ಕಾಲುಚೀಲ, ಮೇಲೆ ನಮ್ಮವರ ಹಳೆಯ ಸ್ವೆಟರು, ಕಿವಿಗೆ ಮಫ್ಲರು. ಹತ್ತು ಹೆಜ್ಜೆಗೊಮ್ಮೆ ನಿಂತು, ನೋಟ ಸವಿಯುವವಳ ಹಾಗೆ ನಟಿಸಿ, ಉಸಿರು ಎಳೆದುಕೊಳ್ಳುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಅವಳೂ ನಿಂತು ನೋಟ ಸವಿಯುವವಳ ಹಾಗೆ ನಟಿಸುತ್ತಿದ್ದಳು. ಇಬ್ಬರ ನಡುವೆ ಹಿಂದಿನ ರಾತ್ರಿಯ ಮಾತು ಮೂರನೆಯವರ ಹಾಗೆ ಜೊತೆಗೇ ಹತ್ತುತ್ತಿತ್ತು.

ಏರಿನ ಒಂದು ಕಡೆ ಅಲ್ಹಂಬ್ರದ ಕೋಟೆಗೋಡೆ, ಇನ್ನೊಂದು ಕಡೆ ಹೆನೆರಲೀಫೆ ಎನ್ನುವ ರಾಜರ ಬೇಸಿಗೆ ತೋಟ. ದಾರಿಯುದ್ದಕ್ಕೂ ನೀರಿನ ಸದ್ದು. ನಾಲ್ಕು ದಿನ ಮೊದಲು ಟಿಕೆಟ್ ಕೊಂಡು ಒಳಗೆಲ್ಲ ನೋಡಿ ಬಂದಿದ್ದೆವು. ಕಾರಂಜಿಗಳು, ಕನ್ನಡಿಯಂಥ ಕೊಳಗಳು, ಹೆನೆರಲೀಫೆಯಲ್ಲಿ ಮೆಟ್ಟಿಲಿನ ಕೈಪಿಡಿಗೋಡೆಯ ಮೇಲೆಯೇ ಹರಿದಿಳಿಯುವ ನೀರು. ಎಲ್ಲರಂತೆ ನಾನೂ ಬಾಯಿ ಬಿಟ್ಟು ನೋಡಿದ್ದೆ. ಆದರೆ ಮನೆ ನಡೆಸಿದ ಹೆಂಗಸಿನ ತಲೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಷ್ಟು ಎತ್ತರಕ್ಕೆ ಈ ನೀರನ್ನು ಹೊತ್ತವರು ಯಾರು? ಹೊಳೆ ಇರುವುದು ಕೆಳಗೆ. ಆಗ ಪಂಪು ಇರಲಿಲ್ಲ, ವಿದ್ಯುತ್ ಇರಲಿಲ್ಲ.

"ಅದನ್ನೇ ತೋರಿಸಬೇಕೆಂದು ಕರೆದುಕೊಂಡು ಬಂದೆ" ಎಂದಳು. ಬೆಳಗಿನಿಂದ ಅವಳ ದನಿಯಲ್ಲಿ ಜೀವ ಬಂದಿದ್ದು ಆಗಲೇ. ಮೊದಲನೆಯ ಮಹಮ್ಮದ್ ಎಂಬ ದೊರೆ 1238ರಲ್ಲಿ ಇಲ್ಲಿ ಕೋಟೆಗೆ ಜಾಗ ಗೊತ್ತುಮಾಡಿದ. ಆದರೆ ನೀರಿಲ್ಲದ ಗುಡ್ಡದ ಮೇಲೆ ಅರಮನೆ ಕಟ್ಟುವುದು ಹೇಗೆ? ಇದೇ ದಾರೋ ಹೊಳೆಯನ್ನು ಹಿಡಿದು ಮೇಲಕ್ಕೆ ಸುಮಾರು ಆರು ಕಿಲೋಮೀಟರ್ ಹೋದರು. ಅಲ್ಲಿ ಹೊಳೆಯೇ ಅರಮನೆಗಿಂತ ಎತ್ತರದಲ್ಲಿದೆ. ಒಡ್ಡು ಕಟ್ಟಿ ನೀರು ತಿರುಗಿಸಿ, ಗುಡ್ಡದ ಮೈಯಲ್ಲಿ ಕಾಲುವೆ ಕಡಿದು, ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು ತಂದರು. ನೀರನ್ನು ಯಾರೂ ಹೊರಲಿಲ್ಲ, ತನ್ನಷ್ಟಕ್ಕೇ ನಡೆದುಬಂತು. ಅದಕ್ಕೆ ಅಸೇಕಿಯಾ ರೆಯಾಲ್, ಅಂದರೆ ಅರಸರ ಕಾಲುವೆ ಎಂದು ಹೆಸರು. ಅಸೇಕಿಯಾ ಅನ್ನುವುದು ಅರಬ್ಬಿಯಿಂದ ಬಂದ ಮಾತು. ಕಾಲುವೆ, ಕೊಳ, ನೀರಿನ ತೊಟ್ಟಿ, ರಾಟೆ, ಎಲ್ಲಕ್ಕೂ ಸ್ಪೇನಿನವರು ಇಂದಿಗೂ ಅರಬ್ಬಿಯಿಂದ ಬಂದ ಪದಗಳನ್ನೇ ಬಳಸುತ್ತಾರಂತೆ. ದೊರೆಗಳನ್ನು ಓಡಿಸಿದರು, ಅವರ ನೀರಿನ ಮಾತನ್ನು ಮಾತ್ರ ಇಟ್ಟುಕೊಂಡರು.

"ಅಯ್ಯೋ, ಇದು ನಮ್ಮ ಅಬ್ಬಿ ನೀರಲ್ಲವೇನೇ!" ಎಂದೆ.

ನಾನು ಹುಟ್ಟಿದ ಮನೆಗೆ ಬಾವಿ ಇರಲಿಲ್ಲ. ಮನೆಯ ಹಿಂದಿನ ಗುಡ್ಡದ ಒರತೆಯಿಂದ ಅಡಕೆ ಮರ ಸೀಳಿದ ದಂಬೆಯಲ್ಲಿ ನೀರು ಬಂದು ಬಚ್ಚಲ ಹಂಡೆಗೆ ಬೀಳುತ್ತಿತ್ತು. ಹಗಲು ರಾತ್ರಿ ಸದ್ದು. ಮದುವೆಯಾಗಿ ಪೇಟೆಯ ಮನೆಗೆ ಬಂದ ಮೊದಲ ವಾರ ನನಗೆ ನಿದ್ದೆ ಬಂದಿರಲಿಲ್ಲ. ನೀರಿನ ಸದ್ದಿಲ್ಲ ಎನ್ನುವುದೇ ಕಾರಣವೆಂದು ತಿಳಿಯಲು ಇನ್ನೊಂದು ವಾರ ಬೇಕಾಯಿತು. ಈ ಕಥೆಯನ್ನು ಪುಟ್ಟಿಗೆ ಎಂದೂ ಹೇಳಿರಲಿಲ್ಲ. ಆ ಏರಿನಲ್ಲಿ ಹೇಳಿದೆ. ಅವಳು ನಿಂತು ಕೇಳಿದಳು.

ಏರು ಮುಗಿದ ಮೇಲೆ ಸ್ಮಶಾನದ ಕಡೆ ಹೋಗುವ ಜನರ ಸಾಲು, ಹೂವಿನ ರಾಶಿ. ನಾವು ಪಕ್ಕದ ಆಲಿವ್ ಮರಗಳ ನಡುವೆ ಮೇಲೆ ಹೊರಟೆವು. ಅರ್ಧ ಗಂಟೆಯಲ್ಲಿ ಒಂದು ಹಾಳು ಕೋಟೆ ಸಿಕ್ಕಿತು. ಆ ಕಾಲದ ಮುಸ್ಲಿಮರನ್ನು ಸ್ಪೇನಿನವರು ಮೋರೋ ಎನ್ನುತ್ತಾರೆ. ಹಾಗಾಗಿ ಈ ಜಾಗಕ್ಕೆ ಮೋರೋನ ಪೀಠ ಎಂದು ಹೆಸರು. ಹಿಂದೆ ಇದು ತೋಟವನ್ನೂ ಕಾಲುವೆಯನ್ನೂ ಕಾಯುವ ಕಾವಲು ಕೋಟೆಯಾಗಿತ್ತಂತೆ. ಅಲ್ಲಿ ನಿಂತು ಕೆಳಗೆ ನೋಡಿದರೆ, ಟಿಕೆಟ್ ಕೊಂಡು ಕತ್ತೆತ್ತಿ ನೋಡಿದ್ದ ಅರಮನೆಯೆಲ್ಲ ಅಂಗೈ ಮೇಲಿನ ಆಟಿಕೆಯ ಹಾಗೆ ಕಾಣುತ್ತದೆ. ಅದರಾಚೆ ಬಿಳಿಮನೆಗಳ ಅಲ್ಬೈಸಿನ್ ಬೆಟ್ಟ. ಅದರಾಚೆ ವೇಗಾ ಎನ್ನುವ ವಿಶಾಲವಾದ ಹಸಿರು ಬಯಲು. ಅಲ್ಹಂಬ್ರದ ಎತ್ತರದ ಬುರುಜಿನ ಮೇಲೆ ಕೆಂಪು ಹಳದಿ ಬಾವುಟ ಹಾರುತ್ತಿತ್ತು. "ನೋಡೇ, ರಾಜ್ಯೋತ್ಸವ!" ಎಂದೆ. ಸ್ಪೇನಿನ ಬಾವುಟದಲ್ಲಿರುವುದೂ ನಮ್ಮ ಅರಿಶಿನ ಕುಂಕುಮದ ಬಣ್ಣಗಳೇ. ಅವಳು ಆ ದಿನ ಮೊದಲ ಸಲ ನಕ್ಕಳು.

ಆ ಬುರುಜಿನಲ್ಲಿ ಒಂದು ಗಂಟೆಯಿದೆ. ರಾತ್ರಿ ಹೊತ್ತು ಬಯಲಿನ ರೈತರಿಗೆ ನೀರು ಬಿಡುವ ಸರದಿ ತಿಳಿಯಲೆಂದು ಅದನ್ನು ಬಾರಿಸುತ್ತಿದ್ದರಂತೆ. ಈಗ ಇನ್ನೊಂದು ನಂಬಿಕೆ ಉಳಿದಿದೆ: ಜನವರಿ ಎರಡರಂದು ಆ ಗಂಟೆ ಬಾರಿಸಿದ ಹುಡುಗಿಗೆ ವರ್ಷದೊಳಗೆ ಮದುವೆಯಾಗುತ್ತದೆ. ನೀನು ಬಾರಿಸಿದೆಯಾ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದು ಜಗಳ ಸಾಕು ಎಂದು ನುಂಗಿಕೊಂಡೆ.

ಅಲ್ಲೇ ಕಲ್ಲಿನ ಮೇಲೆ ಕೂತು ಚಪಾತಿಯ ಸುರುಳಿ ಬಿಚ್ಚಿದೆವು. ಒಳಗೆ ತುಪ್ಪ, ಚಟ್ನಿಪುಡಿ. ತಿನ್ನುತ್ತ ಅವಳು ಬಯಲಿನ ಕಡೆ ಕೈ ತೋರಿಸಿದಳು. "ಅಲ್ಲಿ ಸಾಂತಾ ಫೆ ಅಂತ ಒಂದು ಊರಿದೆ ಅಮ್ಮ. ಗ್ರಾನಾದಾಕ್ಕೆ ಮುತ್ತಿಗೆ ಹಾಕಿದಾಗ ರಾಣಿ ಇಸಬೆಲ್ಲಾ, ರಾಜ ಫರ್ಡಿನಂಡ್ ಬಿಡಾರ ಹೂಡಿ ಕಟ್ಟಿಸಿದ ಊರು. 1492ರ ಜನವರಿ 2ಕ್ಕೆ ಬೊಆಬ್ದಿಲ್ ಕೋಟೆ ಒಪ್ಪಿಸಿದ. ಅದೇ ಏಪ್ರಿಲ್‌ನಲ್ಲಿ ಆ ಸಾಂತಾ ಫೆಯಲ್ಲೇ ಕೊಲಂಬಸ್ಸನ ಜೊತೆ ಕರಾರಾಯಿತು. ಇಂಡಿಯಾ ಹುಡುಕಲು ಹೋದವನು ಅಮೆರಿಕ ಮುಟ್ಟಿದ. ಅಲ್ಲಿಂದ ಮೆಣಸಿನಕಾಯಿ ಯುರೋಪಿಗೆ ಬಂತು, ಆಮೇಲೆ ಪೋರ್ಚುಗೀಸರು ನಮ್ಮ ದೇಶಕ್ಕೆ ತಂದರು."

ನಾನು ಕೈಯಲ್ಲಿದ್ದ ಚಪಾತಿಯನ್ನೇ ನೋಡಿದೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಿಂದ ಬಂದದ್ದು ಎಂದು ನಾವು ಬೀಗುವ ಚಟ್ನಿಪುಡಿಯ ಕೆಂಪು, ಆ ಬಯಲಿನ ಒಂದು ಸಹಿಯಿಂದ ಹೊರಟದ್ದು! ಮಡಿಯಡುಗೆಗೆ ಮೆಣಸಿನಕಾಯಿ ಬೇಡ, ಕಾಳುಮೆಣಸೇ ಆಗಬೇಕು ಎಂದು ನನ್ನ ಅತ್ತೆ ಶ್ರಾದ್ಧದ ದಿನ ಹಟ ಹಿಡಿಯುತ್ತಿದ್ದುದರ ಅರ್ಥ ಅಷ್ಟು ದೂರ ಹೋದ ಮೇಲೆ ತಿಳಿಯಿತು.

ಮುಂದಿನ ದಾರಿ ಪೈನ್ ಮರಗಳ ನೆರಳಿನದು. ನಡುನಡುವೆ ಚಿಕ್ಕ ಮುಳ್ಳೆಲೆಯ ಓಕ್, ಕಾಲಿಗೆ ತಾಗಿದರೆ ಘಮ್ಮೆನ್ನುವ ರೋಸ್‌ಮೇರಿ. ನಮ್ಮ ಕಾಡಿನ ಹಸಿರಲ್ಲ, ಒಣಗಿದ ಬೂದು ಹಸಿರು. ಅಲ್ಲಿ ಒಬ್ಬ ಹೆಂಗಸು ಎದುರಾದಳು. ನನ್ನದೇ ವಯಸ್ಸು. ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಒಂದೇ ಒಂದು ಹಳದಿ ಸೇವಂತಿಗೆ. ಮಗಳೊಡನೆ ಪಟಪಟ ಮಾತಾಡಿದಳು. ಗಂಡನ ಸಮಾಧಿಗೆ ಹೂವಿಟ್ಟು, ಮನೆಗೆ ಹೋಗಲು ಮನಸ್ಸಾಗದೆ ಹೀಗೆ ಒಂದು ಸುತ್ತು ಬಂದಳಂತೆ. ನಾನು ಹೂವನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. ಆಕೆ ಅದನ್ನು ನನ್ನ ಕೈಗಿಟ್ಟು, ನನ್ನ ಕೆನ್ನೆ ತಟ್ಟಿ ಹೊರಟುಹೋದಳು. "ಏನೆಂದಳೇ?" ಎಂದೆ. "ನಿಮ್ಮ ಅಮ್ಮನಿಗೂ ಯಾರೋ ಇದ್ದಿರಬೇಕಲ್ಲ ಅಂದಳು" ಎಂದಳು ಪುಟ್ಟಿ, ಬೇರೆ ಕಡೆ ನೋಡುತ್ತ.

ಕವುಜುಗದ ಬಯಲು ಎನ್ನುವ ಸಮತಟ್ಟು ನೆತ್ತಿಗೆ ಬಂದಾಗ ಹನ್ನೆರಡೂವರೆ. ಸುಮಾರು 1000 ಮೀಟರ್ ಎತ್ತರ. ಎದುರಿಗೆ ಸಿಯೆರಾ ನೆವಾದಾ, ಹಿಮದ ಬೆಟ್ಟಸಾಲು. ತುದಿಯಲ್ಲಿ ರಂಗೋಲಿಪುಡಿ ಉದುರಿಸಿದಷ್ಟು ತೆಳುವಾಗಿ ಹಿಮ. ಎದುರಿಗೆ ನಿಂತದ್ದು ವೆಲೇತಾ ಶಿಖರ. ಅದರ ಹಿಂದೆ 3,479 ಮೀಟರಿನ ಮುಲಾಸೇನ್. ಬೊಆಬ್ದಿಲ್‌ನ ಅಪ್ಪನ ಹೆಸರು ಅದು. ಅವನನ್ನು ಅಲ್ಲೇ ಹೂಳಿದ್ದಾರೆಂದು ಕಥೆ.

ಮಗಳು ತನ್ನ ಕೆಲಸದ ಬಗ್ಗೆ ಹೇಳಿದ್ದು ಅಲ್ಲಿ. ಆ ಹಿಮದ ಬೆಟ್ಟಗಳ ಮೇಲೂ ಸಾವಿರ ವರ್ಷದಷ್ಟು ಹಳೆಯ ಕಾಲುವೆಗಳಿವೆ. ಬೇಸಿಗೆಗೆ ಮುಂಚೆ ಹಿಮ ಕರಗಿದ ನೀರನ್ನು ಅವುಗಳಲ್ಲಿ ಹರಿಸಿ, ಮಣ್ಣು ಸಡಿಲ ಇರುವಲ್ಲಿ ಇಂಗಲು ಬಿಡುತ್ತಾರೆ. ಅದು ಬೆಟ್ಟದೊಳಗೆ ಮೆಲ್ಲಗೆ ಇಳಿದು, ವಾರಗಳು ತಿಂಗಳುಗಳು ಕಳೆದ ಮೇಲೆ, ಉರಿಬಿಸಿಲಿನಲ್ಲಿ, ಕೆಳಗಿನ ಹಳ್ಳಿಗಳ ಒರತೆಯಲ್ಲಿ ಬರುತ್ತದೆ. ನೀರು ಬಿತ್ತುವುದು ಎನ್ನುತ್ತಾರಂತೆ. ಜನ ಹಳ್ಳಿ ಬಿಟ್ಟ ಮೇಲೆ ಎಷ್ಟೋ ಕಾಲುವೆಗಳು ಮುಚ್ಚಿಹೋಗಿದ್ದವು. 2014ರಿಂದೀಚೆಗೆ ವಿಶ್ವವಿದ್ಯಾಲಯದವರು ಊರಿನ ರೈತರ ಜೊತೆ, ತಾವಾಗಿ ಬಂದವರ ಜೊತೆ ಸೇರಿ ಹೂಳು ತೆಗೆಯುತ್ತಿದ್ದಾರೆ. ಇವಳೂ ರಜೆಯ ದಿನ ಗುದ್ದಲಿ ಹಿಡಿದು ಹೋಗುತ್ತಾಳಂತೆ. ಅಜ್ಜನ ತೋಟದ ಬಸಿಗಾಲುವೆ ಕಡೆ ಇಣುಕಿಯೂ ನೋಡದವಳು! ಆದರೆ ಕೈ ಚಾಚಿದಳು, ನೋಡಿದೆ. ಅಂಗೈಯಲ್ಲಿ ದಡ್ಡುಗಟ್ಟಿತ್ತು. ಅವಳ ಅಜ್ಜನ ಅಂಗೈ.

ಆಮೇಲೆ ದಕ್ಷಿಣದ ಕಡೆ ತೋರಿಸಿ, ಏನೋ ನೆನಪಾದಂತೆ, ಅವಳು ಆ ಕಥೆ ಹೇಳಿದಳು. ಕೋಟೆ ಒಪ್ಪಿಸಿದ ಮೇಲೆ ಬೊಆಬ್ದಿಲ್ ಪರಿವಾರದೊಡನೆ ಆ ದಿಕ್ಕಿಗೆ ಹೊರಟ. ಊರು ಕಣ್ಣಿಗೆ ಕಾಣುವ ಕೊನೆಯ ದಿಬ್ಬದಲ್ಲಿ ತಿರುಗಿ ನೋಡಿ ನಿಟ್ಟುಸಿರು ಬಿಟ್ಟು ಅತ್ತ. ಆ ಕಣಿವೆಗೆ ಇಂದಿಗೂ ಮೋರೋನ ನಿಟ್ಟುಸಿರು ಎಂದೇ ಹೆಸರು. ಆಗ ಅವನ ತಾಯಿ ಆಯಿಷಾ, ಗಂಡಸಿನ ಹಾಗೆ ಉಳಿಸಿಕೊಳ್ಳಲಾಗದ್ದಕ್ಕೆ ಹೆಂಗಸಿನ ಹಾಗೆ ಅಳುತ್ತೀಯಲ್ಲ ಎಂದು ಚುಚ್ಚಿದಳಂತೆ.

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಬೇಕೆಂದು ಹೇಳಿದ್ದಲ್ಲ; ಅರ್ಧಕ್ಕೆ ಬಂದ ಮೇಲೆ ಅವಳಿಗೂ ಹೊಳೆದಿರಬೇಕು.

ಆ ತಾಯಿಯ ಬಗ್ಗೆ ಇನ್ನೇನು ಗೊತ್ತು ಎಂದು ಕೇಳಿದೆ. ಗಂಡ ಒಬ್ಬ ಸೆರೆಯಾಳು ಹುಡುಗಿಯನ್ನು ಮೆಚ್ಚಿ ಇವಳನ್ನು ಮೂಲೆಗೆ ತಳ್ಳಿದ. ಸವತಿಯ ಮಕ್ಕಳಿಂದ ತನ್ನ ಮಗನಿಗೆ ಅಪಾಯವೆಂದು, ಬಟ್ಟೆಗೆ ಬಟ್ಟೆ ಗಂಟು ಹಾಕಿ, ರಾತ್ರೋರಾತ್ರಿ ಮಗನನ್ನು ಬುರುಜಿನಿಂದ ಕೆಳಗಿಳಿಸಿ ಉಳಿಸಿದಳು ಎನ್ನುವುದೂ ಒಂದು ಕಥೆ. ಹಾಗೆ ಉಳಿಸಿದ ಕೈಗಳನ್ನು ಯಾರು ನೆನೆಯುತ್ತಾರೆ? ಐನೂರು ವರ್ಷದಿಂದ ಜನ ಹೇಳುತ್ತಿರುವುದು ಅವಳ ಒಂದು ಮಾತನ್ನು. ಅದನ್ನು ಅವಳು ಆಡಿದ್ದಕ್ಕೆ ದಾಖಲೆಯೂ ಇಲ್ಲವಂತೆ. ಅವಳೂ ಅಂದು ಮನೆಮಠ ಬಿಟ್ಟು ಹೊರಟವಳೇ. ತನ್ನ ಸಂಕಟಕ್ಕೆ ಬೇರೆ ದಾರಿ ಕಾಣದೆ ಮಗನ ಮೇಲೆ ಸುರಿದಿದ್ದಾಳು. ನನ್ನದಕ್ಕಾದರೋ ಸಾಕ್ಷಿಯೇ ಇತ್ತು, ಪಕ್ಕದಲ್ಲಿ ಕೂತಿತ್ತು.

"ಪುಟ್ಟಿ, ಒಂದು ವಿಷಯ ಹೇಳಬೇಕು" ಎಂದೆ.

2021ರ ಮೇ ತಿಂಗಳು. ವಿಮಾನಗಳು ನೆಟ್ಟಗೆ ಓಡದ ದಿನಗಳು. ಆಸ್ಪತ್ರೆಗೆ ಸೇರಿಸುವ ಮುಂಚೆ ಎರಡು ದಿನ ಇವರು ಮನೆಯಲ್ಲೇ ಇದ್ದರು. ಉಬ್ಬಸವಿತ್ತು, ಆದರೆ ಮಾತಾಡುತ್ತಿದ್ದರು. "ಪುಟ್ಟಿ ಫೋನ್ ಮಾಡಿದ್ದಳಾ?" ಎಂದು ಎರಡು ಸಲ ಕೇಳಿದರು. ಮಾಡಿದ್ದಳು. ನಾನು ಫೋನ್ ಹಿಡಿದು ಜಗಲಿಗೆ ಹೋಗಿ, "ಸ್ವಲ್ಪ ಜ್ವರ, ಅಪ್ಪ ಮಲಗಿದ್ದಾರೆ" ಎಂದೆ. ಆ ಉಬ್ಬಸದ ದನಿ ಕೇಳಿದರೆ ಪರದೇಶದಲ್ಲಿ ಒಂಟಿಯಾಗಿರುವ ಹುಡುಗಿ ಕಂಗಾಲಾಗುತ್ತಾಳೆ, ಬರಲಂತೂ ಆಗುವುದಿಲ್ಲ, ಹೇಳಿ ಏನು ಪ್ರಯೋಜನ ಎಂದುಕೊಂಡೆ. ಮೂರನೆಯ ದಿನ ಆಸ್ಪತ್ರೆ. ಐದನೆಯ ದಿನ ಎಲ್ಲ ಮುಗಿದಿತ್ತು. ಬರಲಿಲ್ಲ ಎಂದು ಎರಡು ವರ್ಷದಿಂದ ಅವಳನ್ನು ಮನಸ್ಸಿನಲ್ಲೇ ದೂರಿದ್ದೆನಲ್ಲ, ನಾನು ಹೇಳಲಿಲ್ಲ ಎನ್ನುವುದನ್ನು ಮುಚ್ಚಿಕೊಳ್ಳುವುದಕ್ಕೇ ದೂರಿದ್ದು.

ಇದನ್ನೆಲ್ಲ ಹೇಳಿ ಮುಗಿಸಿದಾಗ ನನ್ನ ಕೈಯಲ್ಲಿದ್ದ ಹೂವಿನ ದಂಟು ಬೆವತಿತ್ತು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡು ದಿನ ಅಮ್ಮ. ಎರಡು ದಿನ ನಾನು ಅಪ್ಪನ ಹತ್ತಿರ ಮಾತಾಡಬಹುದಿತ್ತು" ಎಂದಳು. ಕೂಗಲಿಲ್ಲ, ಅಳಲಿಲ್ಲ. ಎದ್ದು ಬಯಲಿನ ಆ ತುದಿಯವರೆಗೆ ಒಬ್ಬಳೇ ನಡೆದುಹೋದಳು.

ನಾನು ಕಲ್ಲಿನ ಮೇಲೆ ಕೂತೇ ಇದ್ದೆ. ಗಾಳಿ ಜೋರಾಯಿತು. ಅವಳ ನೀಲಿ ಕೋಟು ಪೈನ್ ಮರಗಳ ನಡುವೆ ಸಣ್ಣದಾಗಿ ಕಾಣುತ್ತಿತ್ತು. ಕೂಗಿ ಕರೆಯಬೇಕೆನಿಸಿತು, ಕರೆಯಲಿಲ್ಲ. ಜೀವನದಲ್ಲಿ ಅವಳಿಗಾಗಿ ಎಷ್ಟೋ ಸಲ ಕಾದಿದ್ದೇನೆ, ಶಾಲೆಯ ಬಸ್ಸಿಗೆ, ಪರೀಕ್ಷೆಯ ಫಲಿತಾಂಶಕ್ಕೆ, ಭಾನುವಾರದ ಫೋನಿಗೆ. ಆ ಇಪ್ಪತ್ತು ನಿಮಿಷದಷ್ಟು ಉದ್ದನೆಯದು ಯಾವುದೂ ಅಲ್ಲ. ಕೊನೆಗೆ ತಿರುಗಿ ಬಂದಳು. ಕಣ್ಣು ಕೆಂಪಾಗಿತ್ತು. ನನ್ನ ಮುಂದೆ ಮಂಡಿಯೂರಿ, ಬಿಚ್ಚಿಹೋಗಿದ್ದ ನನ್ನ ಬೂಟಿನ ದಾರ ಕಟ್ಟಿ, "ಇಳಿಯುವಾಗ ಜಾರುತ್ತದೆ, ಕೈ ಹಿಡಿದುಕೋ" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ದಾರೋ ಕಣಿವೆಯ ಕಡೆಯಿಂದ ಇಳಿದೆವು. ಆಚೆ ದಡದ ಗುಡ್ಡದಲ್ಲಿ ಸಾಕ್ರೋಮೋಂತೆಯ ಹಳೆಯ ಮಠ. ಕೆಳಗೆ ಹೊಳೆಯುದ್ದಕ್ಕೂ ಹಳದಿಯಾದ ಪಾಪ್ಲರ್ ಮರಗಳು. ದಾರಿಯ ಕೊನೆಯಲ್ಲಿ ಅವೆಯಾನೋ ಎಂಬ ಬುಗ್ಗೆ. ಹಿಂದಿನ ಕಾಲದಲ್ಲಿ ನೀರು ಮಾರುವವರು ಕತ್ತೆಗಳ ಮೇಲೆ ಕೊಡ ಹೇರಿಕೊಂಡು ಇದರ ನೀರನ್ನು ಊರಲ್ಲಿ ಕೂಗಿ ಮಾರುತ್ತಿದ್ದರಂತೆ. ಅಲ್ಲಿಂದ ಮತ್ತೆ ಅದೇ ದುಃಖಿತರ ದಾರಿ. ಸಂಜೆಯಾಗಿತ್ತು. ಹೋಟೆಲಿನವರು ಹೊರಗೆ ಮೇಜು ಹಾಕಿದ್ದರು, ಮಕ್ಕಳು ಚೆಂಡಾಡುತ್ತಿದ್ದವು. ಹೆಸರಿನಷ್ಟು ದುಃಖ ಅಲ್ಲಿ ಕಾಣಲಿಲ್ಲ.

ಮನೆಗೆ ಬಂದು ಹೂವನ್ನು ಎಲ್ಲಿಡುವುದೆಂದು ನಿಂತೆ. ಅವಳ ಪುಸ್ತಕದ ಕಪಾಟಿನಲ್ಲಿ ಅಪ್ಪನ ಒಂದು ಸಣ್ಣ ಫೋಟೋ ಇದೆ. ಅವಳೇ ಗಾಜಿನ ಲೋಟಕ್ಕೆ ನೀರು ತುಂಬಿ ತಂದು ಅದರ ಮುಂದಿಟ್ಟಳು. ಅವರ ಪದ್ಧತಿಗೂ ಸರಿ, ನಮ್ಮದಕ್ಕೂ ಸರಿ. ನಾನು ಪರ್ಸಿನಿಂದ ಆ ಪತ್ರಿಕೆಯ ತುಣುಕನ್ನು ತೆಗೆದು ಕೊಟ್ಟೆ. ಇನ್ನು ಏನನ್ನೂ ಮುಚ್ಚಿಡಬಾರದಲ್ಲ. ಓದಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ದಾಳಿಂಬೆ ಆಕಾರದ ಆಯಸ್ಕಾಂತ ಅದನ್ನು ಹಿಡಿದುಕೊಂಡಿತು. "ಇಲ್ಲೇ ಇರಲಿ. ನಾಲ್ಕು ವರ್ಷ ಆದ ಮೇಲೆ ನೋಡೋಣ" ಎಂದಳು. ಸೋಮವಾರ ಒಪ್ಪಿಗೆ ಬರೆದುಕೊಟ್ಟಳು.

ನಾನೀಗ ಊರಲ್ಲಿದ್ದೇನೆ. ಭಾನುವಾರ ಸಂಜೆ ಫೋನ್ ಬರುತ್ತದೆ. "ಬಿ.ಪಿ. ಎಷ್ಟಿದೆ?" ಎಂದು ಮೊದಲು ಕೇಳುತ್ತಾಳೆ. ಹಿಂದೆಲ್ಲ "ಚೆನ್ನಾಗಿದೆ" ಎನ್ನುತ್ತಿದ್ದೆ. ಈಗ ಚೀಟಿ ನೋಡಿಕೊಂಡು ಇದ್ದ ಲೆಕ್ಕವನ್ನೇ ಓದಿ ಹೇಳುತ್ತೇನೆ. ಒಮ್ಮೊಮ್ಮೆ ಜಾಸ್ತಿ ಇರುತ್ತದೆ. ಅವಳು ಬೈಯುತ್ತಾಳೆ. ಕೇಳಿಸಿಕೊಳ್ಳುತ್ತೇನೆ.